ಕಂದೀಲಿನ ಗಾಜಿನೊಳಗಿನ ನಂದಗಡದಾಕಿ

ನನ್ನ ಹಿರಿಯ ನಾದಿನಿ, ಅಂದರೆ ನಮ್ಮ ಯಜಮಾನರ ಅಕ್ಕ, ಹೇನು ಸಾಕಿದ್ದರು. ಹೌದು, ನೀವು ಸರಿಯಾಗಿಯೇ ಓದಿದಿರಿ. ಖಾನಾಪುರದ ನಮ್ಮ ಓಣಿಯಲ್ಲಿ ಒಬ್ಬರು ಎಮ್ಮೆ ಸಾಕಿದ್ದರು, ಇನ್ನೊಬ್ಬರು ಕೋಳಿ ಸಾಕಿದ್ದರು, ಮತ್ತೊಬ್ಬರು ಗಿಳಿ. ನಮ್ಮ ಮನೆಯಲ್ಲಿ ಹೇನು! ತಲೆಯ ಹೇನಲ್ಲ, ಗಾಬರಿಯಾಗಬೇಡಿ, ಗಿಡದ ಹೇನು. ಮೆಣಸಿನ ಗಿಡದ ಎಲೆಯನ್ನು ಮಗುಚಿ ನೋಡಿದರೆ ಸಾಸಿವೆಗಿಂತ ಸಣ್ಣಗೆ, ಒಂದಕ್ಕೊಂದು ಒತ್ತಿಕೊಂಡು, ರಸ ಹೀರುತ್ತ ಕುಳಿತಿರುತ್ತವಲ್ಲ, ಅವು. ಅವನ್ನು ಕಂಡರೆ ಜಗತ್ತಿನ ರೈತರೆಲ್ಲ ಔಷಧದ ಪಂಪು ಹೆಗಲಿಗೇರಿಸುತ್ತಾರೆ. ನನ್ನ ನಾದಿನಿ ಚಷ್ಮಾ ಮೂಗಿಗೇರಿಸುತ್ತಿದ್ದರು.

ಇದನ್ನು ಬರೆಯುವಾಗ ನಾನು ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರೆ ಬೇರೆ ಇಟ್ಟು ಹೇಳುತ್ತೇನೆ. ಅವರ ವಿಷಯದಲ್ಲಿ ಹೆಚ್ಚು ಮಾಡಿ ಹೇಳುವ ಅಗತ್ಯವೇ ಬೀಳುವುದಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದರೂ ಜನ ನಂಬುವುದಿಲ್ಲ.

ಅವರು ಬೆಳಗಾವಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ. ಟಿಳಕವಾಡಿಯಲ್ಲಿ ಎರಡು ಕೋಣೆಯ ಮನೆ ಹಿಡಿದು ಒಬ್ಬರೇ ಇದ್ದರು. ಗಂಜಿ ಹಾಕಿದ ಕಾಟನ್ ಸೀರೆ, ಕೈಯಲ್ಲಿ ಗಂಡಸರ ಗಡಿಯಾರ, ಹೆಗಲಲ್ಲಿ ಜೋಳಿಗೆಯಂಥ ಚೀಲ. ಶನಿವಾರ ಮಧ್ಯಾಹ್ನ ಬಸ್ಸು ಹಿಡಿದು ಖಾನಾಪುರಕ್ಕೆ ಬರುವರು, ಸೋಮವಾರ ಬೆಳಗಿನ ಬಸ್ಸಿಗೆ ಹೋಗುವರು. ತಾಯಿಯನ್ನು ನೋಡಲು ಬರುತ್ತಾರೆ ಎಂದು ಓಣಿಯವರು ತಿಳಿದಿದ್ದರು. ಚಪ್ಪಲಿ ಕಳೆದವರು ಮೊದಲು ಹಿತ್ತಲಿಗೆ ಹೋಗಿ ಎಲೆ ಮಗುಚುತ್ತಿದ್ದರು ಎಂಬುದು ಮನೆಯವರಿಗಷ್ಟೇ ಗೊತ್ತಿತ್ತು.

ನಾನು ಅವರನ್ನು ಮೊದಲು ಕಂಡದ್ದು ನನ್ನ ಮದುವೆಯಲ್ಲಿ. ಎಪ್ಪತ್ತರ ದಶಕದ ಕೊನೆಯ ಭಾಗ, ಕಾಕತಿಯಲ್ಲಿ, ನಮ್ಮ ತವರುಮನೆಯ ಮುಂದಿನ ಹಂದರದಲ್ಲಿ. ಅಕ್ಕಿಕಾಳು ಬಿದ್ದಿದ್ದವು, ಹೆಣ್ಣುಮಕ್ಕಳು ಸಾಲಾಗಿ ಬಂದು ಸೀರೆ ಕುಪ್ಪಸದ ಆಹೇರಿ ಮಾಡುತ್ತಿದ್ದರು. ಇವರ ಸರದಿ ಬಂತು. ಕೈಯಲ್ಲಿದ್ದ ಸೀರೆಯ ಪೊಟ್ಟಣವನ್ನು ಬಗಲಲ್ಲಿ ಅವುಚಿಕೊಂಡರು, ಚೀಲದಿಂದ ಭೂತಗನ್ನಡಿ ತೆಗೆದರು, ಬಗ್ಗಿ ನನ್ನ ಜಡೆಯನ್ನು ಪರೀಕ್ಷಿಸತೊಡಗಿದರು!

“ಅಲ್ಲಾಡಬ್ಯಾಡ ತಂಗಿ” ಎಂದರು.

ನಾನು ಅಲ್ಲಾಡಲಿಲ್ಲ. ಹಂದರದಲ್ಲಿ ಯಾರೂ ಅಲ್ಲಾಡಲಿಲ್ಲ. ಅವರು ಜಡೆಯ ಹೂದಂಡೆಯಿಂದ ಒಂದು ಶೇವಂತಿಗೆ ಹೂವನ್ನು ಹಗುರವಾಗಿ ಕಿತ್ತು, ಗಾಜಿನ ನಳಿಗೆಯೊಳಗೆ ಇಳಿಸಿ, ಬಾಯಿಗೆ ಅರಳೆ ತುರುಕಿ, ಆಮೇಲೆ ನೆನಪಾದವರಂತೆ ಸೀರೆ ಕೊಟ್ಟು ಹೋದರು. ಸಂಜೆಯೊಳಗೆ ಕಾಕತಿಯ ತುಂಬ ಸುದ್ದಿ: ಗಂಡಿನ ಕಡೆಯವರು ಮದುಮಗಳ ತಲೆಯನ್ನು ಯಂತ್ರ ಹಿಡಿದು ನೋಡಿದರಂತೆ. ನಮ್ಮವ್ವ ಅತ್ತರು. ಸೋದರತ್ತೆ ಜಗಳಕ್ಕೆ ನಿಂತರು. ನಾದಿನಿಯವರನ್ನು ಕರೆಸಿ ಕೇಳಿದ್ದಕ್ಕೆ ಅವರು ಬಹಳ ಮರ್ಯಾದೆಯಿಂದ, ತಾವು ನೋಡಿದ್ದು ಹೂವನ್ನು, ತಲೆಯ ವಿಷಯದಲ್ಲಿ ತಮಗೆ ಏನೂ ಅನುಭವವಿಲ್ಲ ಎಂದು ತಿಳಿಸಿದರು. ಇದು ಸಮಾಧಾನದ ಮಾತೆಂದು ಅವರು ನಿಜವಾಗಿ ನಂಬಿದ್ದರು.

ಇನ್ನು ಅವರ ತಮ್ಮನ, ಅಂದರೆ ನನ್ನ ಗಂಡನ, ಹುಚ್ಚೇನೂ ಕಡಿಮೆಯಲ್ಲ. ಖಾನಾಪುರದ ಮಳೆ ಗೊತ್ತಲ್ಲ? ಹಿಡಿದರೆ ಬಿಡುವುದಿಲ್ಲ. ಬಯಲಲ್ಲಿ ಬೆಳೆದ ಕಾಯಿಪಲ್ಯ ಕೊಳೆತುಹೋಗುತ್ತದೆ. ಅದೇ ದಿನಗಳಲ್ಲಿ ಗೋವಾದವರು ಕಾಯಿಪಲ್ಯಕ್ಕೆ ಬಾಯಿ ಬಿಡುತ್ತಾರೆ. ಹಾಗಾದರೆ ಮಳೆಯನ್ನು ಹೊರಗಿಟ್ಟು ಬೆಳೆದರೆ? ಬೆಳಗಾವಿ ಕ್ಯಾಂಪಿನಲ್ಲಿ ಹಳೆಯ ಬಂಗಲೆಯೊಂದನ್ನು ಕೆಡವುತ್ತಿದ್ದಾಗ ಅದರ ಕಿಟಕಿಗಳನ್ನೆಲ್ಲ ಇವರು ಎರಡು ಟ್ರಕ್ಕಿನಲ್ಲಿ ಹೇರಿಕೊಂಡು ಬಂದು, ಹಿತ್ತಲಾಚೆಯ ಜಾಗದಲ್ಲಿ ಗಾಜಿನ ಮನೆ ಕಟ್ಟಿಸಿದರು. ಗೋಡೆಯೆಲ್ಲ ಕಿಟಕಿ, ಮಾಡೆಲ್ಲ ಕಿಟಕಿ. ಒಂದರ ಅಳತೆ ಇನ್ನೊಂದಕ್ಕಿಲ್ಲ. ಒಂದು ಮೂಲೆಗೆ ಕೆಂಪು ನೀಲಿ ಬಣ್ಣದ ಗಾಜು ಬಂದು, ಅಲ್ಲಿಯ ಗಿಡಗಳು ಸದಾ ಉತ್ಸವದ ದಿನದಂತೆ ಕಾಣುತ್ತಿದ್ದವು. ಊರವರು ಅದನ್ನು ‘ಕಾಚಿನ ಮನಿ’ ಎಂದು ಕರೆದರು. ಸಂತೆಗೆ ಬಂದವರು ನೋಡಲು ಬಂದು, ಒಳಗೆ ಯಾವ ದೇವರನ್ನು ಕೂಡಿಸುತ್ತೀರಿ ಎಂದು ಕೇಳಿ ಹೋಗುತ್ತಿದ್ದರು. ಕೂಡಿಸಿದ್ದು ಡಬ್ಬು ಮೆಣಸಿನಕಾಯಿಯನ್ನು.

ಮಳೆ ಒಳಗೆ ಬರಲಿಲ್ಲ, ಅದು ನಿಜ. ಗಾಳಿಯೂ ಬರಲಿಲ್ಲ. ಹೇನನ್ನು ಹಿಡಿದು ತಿನ್ನುವ ಚುಕ್ಕೆಯ ಗುಲಗಂಜಿ ಹುಳವೂ ಬರಲಿಲ್ಲ. ಬಂದದ್ದು ಹೇನು ಮಾತ್ರ. ವರ್ಷವಿಡೀ ಬೆಚ್ಚಗೆ, ಮೇಲೆ ಮಾಡು, ಎದುರಿಗೆ ಊಟ, ಶತ್ರುಗಳಿಲ್ಲ. ಅವಕ್ಕೆ ಇನ್ನೇನು ಬೇಕು? ನಮ್ಮವರು ಪಂಪು ಹೊತ್ತು ಒಳಗೆ ಹೋದರೆ, ಅಕ್ಕ ಬಾಗಿಲಲ್ಲಿ ಕೊಡೆ ಅಡ್ಡ ಹಿಡಿದು ನಿಲ್ಲುವರು.

“ತಮ್ಮಾ, ಆ ಕಡೀ ಸಾಲ ಒಂದ ಬಿಡು.”

“ಅಕ್ಕಾ, ಅಲ್ಲಿಂದನಽ ಎಲ್ಲಾ ಸಾಲಿಗೂ ಹಬ್ಬತಾವ.”

“ಹಬ್ಬಲಿ. ಹೆಂಗ ಹಬ್ಬತಾವ ಅನ್ನೂದಽ ನನಗ ಬೇಕಾಗೇತಿ.”

“ನನಗ ಮೆಣಸಿನಕಾಯಿ ಬೇಕಾಗೇತಿ.”

ಕಡೆಯ ಸಾಲು ಉಳಿಯುತ್ತಿತ್ತು. ಅಕ್ಕನ ಎದುರು ಗೆದ್ದ ತಮ್ಮನನ್ನು ನಾನು ಆ ಮನೆಯಲ್ಲಿ ಕಂಡಿಲ್ಲ.

ಈ ಹೇನಿನ ಸಂಸಾರದ ಗುಟ್ಟು ನಮಗೆ ತಿಳಿದದ್ದು ಒಂದು ಭಾನುವಾರ ಊಟಕ್ಕೆ ಕುಳಿತಾಗ. ಅದರಲ್ಲಿ ಗಂಡೇ ಇಲ್ಲವಂತೆ. ಎಲ್ಲವೂ ಹೆಣ್ಣು. ಮೊಟ್ಟೆಯಿಲ್ಲ, ಮದುವೆಯಿಲ್ಲ, ತಾಯಿ ನೇರವಾಗಿ ಮಗಳನ್ನು ಹಡೆಯುತ್ತದೆ, ಆ ಮಗಳು ಹುಟ್ಟುವಾಗಲೇ ಹೊಟ್ಟೆಯಲ್ಲಿ ಮೊಮ್ಮಗಳು ಬೆಳೆಯುತ್ತಿರುತ್ತದೆ. ಚಳಿಯ ದೇಶಗಳಲ್ಲಿ ಚಳಿಗಾಲದ ಮುಂದೆ ಗಂಡು ಹುಟ್ಟುವುದುಂಟಂತೆ. ನಮ್ಮ ಕಾಚಿನ ಮನೆಯ ಬಿಸುಪಿನಲ್ಲಿ ಆ ಪ್ರಸಂಗ ಬರುವುದಿಲ್ಲ. ಅತ್ತೆಯವರು ಕೈಯಲ್ಲಿ ಹಿಡಿದ ತುತ್ತನ್ನು ತಟ್ಟೆಗೆ ಇಳಿಸಿದರು. ಉಣ್ಣುವಾಗ ಇಂಥ ಮಾತಾಡಬಾರದು ಎಂದರು. ಸ್ವಲ್ಪ ತಡೆದು, ಬಾಣಂತನ ಯಾರು ಮಾಡುತ್ತಾರೆ ಎಂದೂ ಕೇಳಿದರು.

ಅತ್ತೆಯವರಿಗೆ ಮಗಳ ಮದುವೆಯ ಆಸೆ ಆಗಲೂ ಬಿಟ್ಟಿರಲಿಲ್ಲ. ಮಗಳಿಗೆ ನಲವತ್ತು ದಾಟಿ ಯಾವ ಕಾಲವಾಗಿತ್ತೋ! ದೂರದ ನಂಟರೊಬ್ಬರ ಮೂಲಕ ಬೈಲಹೊಂಗಲದ ಕಡೆಯ ಒಬ್ಬ ವಿಧುರರು ನೋಡಲು ಬಂದರು. ಟೊಪ್ಪಿಗೆ ಹಾಕಿದ, ಮೆಲುಮಾತಿನ ಗೃಹಸ್ಥರು. ನಾದಿನಿ ಅವರನ್ನು ಆದರದಿಂದ ಕಾಚಿನ ಮನೆಗೆ ಕರೆದೊಯ್ದು, ಕೈಗೆ ಭೂತಗನ್ನಡಿ ಕೊಟ್ಟು, ಎಲೆ ತೋರಿಸಿದರು. ನಾನು ಚಹಾದ ತಾಟು ಹಿಡಿದು ಹಿಂದೆಯೇ ಇದ್ದೆ. ಇದರಲ್ಲಿ ಗಂಡು ಯಾವುದು ಎಂದು ಅವರು ಮರ್ಯಾದೆಗೆ ಕೇಳಿದರು.

“ಗಂಡು ಇಲ್ರಿ.”

“ಮತ್ತ ಸಂಸಾರ ಹೆಂಗ ನಡೀತೈತ್ರಿ?”

“ಛಲೋ ನಡದೈತ್ರಿ. ನೋಡ್ರಲ್ಲ, ಎಲಿ ತುಂಬ ಅದಾವ.”

ಅವರು ಎಲೆಯನ್ನು ಬಹಳ ಹೊತ್ತು ನೋಡಿದರು. ಭೂತಗನ್ನಡಿಯನ್ನು ಎರಡೂ ಕೈಯಿಂದ ಹಿಂತಿರುಗಿಸಿದರು. ಚಹಾ ಕುಡಿಯಲಿಲ್ಲ. ಬೈಲಹೊಂಗಲದಿಂದ ಮತ್ತೆ ಮಾತು ಬರಲಿಲ್ಲ. ಅತ್ತೆಯವರು ಮುಂದಿನ ಶನಿವಾರದ ತನಕ ಮೂಕರಾಗಿದ್ದರು. ಶನಿವಾರ ಮಗಳು ಬಂದಾಗ, ಮಾತಾಡುವುದಿಲ್ಲವೆಂದು ತಿಳಿಸಲಿಕ್ಕಾಗಿ ಮಾತಾಡಿದರು.

ಇಷ್ಟರಲ್ಲಿ ನಾದಿನಿಯವರ ಟಿಳಕವಾಡಿಯ ಮನೆಗೆ ಕಂದೀಲಿನ ಗಾಜುಗಳು ಬರತೊಡಗಿದ್ದವು. ಸಣ್ಣ ಕುಂಡದಲ್ಲಿ ಒಂದು ಮೆಣಸಿನ ಸಸಿ, ಅದರ ಮೇಲೆ ಕಂದೀಲಿನ ಗಾಜು, ಗಾಜಿನ ಬಾಯಿಗೆ ತೆಳು ಬಟ್ಟೆ, ಬಟ್ಟೆಗೆ ದಾರ. ಒಳಗೆ ಒಂದೇ ಒಂದು ಹೇನು. ಅದು ಹಡೆದದ್ದೆಲ್ಲ ಅದರೊಳಗೇ ಇರಬೇಕು, ಹೊರಗಿನದು ಒಳಗೆ ಹೋಗಬಾರದು. ಒಂದು ಗಾಜಿಗೆ ಒಬ್ಬ ಮೂಲತಾಯಿ. ಖಡೇಬಜಾರದಲ್ಲಿ ಗಾಜು ಮಾರುವ ಚಾಚಾ ಒಬ್ಬರಿದ್ದರು. ಅವರ ಮನೆತನ ಬೆಳಗಾವಿಗೆ ಬಂದು ಎಷ್ಟು ತಲೆಮಾರಾಯಿತೆಂದು ಅವರಿಗೇ ಲೆಕ್ಕ ತಪ್ಪಿತ್ತು. ಇವರು ಬಂದು ಬಂದು ಬರೀ ಗಾಜು ಒಯ್ಯುವುದನ್ನು ಕಂಡು ಅವರಿಗೆ ಮರುಕ ಹುಟ್ಟಿತು. ಒಂದು ದಿನ ನಾನೂ ಜೊತೆಗಿದ್ದೆ.

“ಅಕ್ಕಾರ, ನಿಮ್ಮ ಮನ್ಯಾಗ ಇನ್ನೂ ಕರೆಂಟ್ ಬಂದಿಲ್ಲೇನ್ರಿ?”

“ಬಂದೈತ್ರಿ ಚಾಚಾ.”

“ಮತ್ತ ಇಷ್ಟ ಕಾಚು ಒಡೀತಾವ?”

“ಒಂದೂ ಒಡದಿಲ್ರಿ. ಒಳಗ ಹೆಣ್ಣಮಕ್ಕಳು ಅದಾರ.”

ಚಾಚಾ ನನ್ನ ಕಡೆ ನೋಡಿದರು. ನಾನು ರಸ್ತೆಯ ಕಡೆ ನೋಡಿದೆ. ಮುಂದೆ ಅವರು ಇವರಿಗೆ ಚೌಕಾಸಿಯಿಲ್ಲದೆ ಕಡಿಮೆಗೇ ಕೊಡುತ್ತಿದ್ದರು. ಯಾವ ತಿಳುವಳಿಕೆಯಿಂದ ಎಂದು ನಾನು ಕೇಳಲಿಲ್ಲ.

ಇದೆಲ್ಲ ಏತಕ್ಕೆ? ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಅವರ ಜೀವವೇ ಇದರಲ್ಲಿತ್ತು. ಅವರಿಗೆ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟಿಗೆ ಹೆಸರು ಹಚ್ಚುವ ಆಸೆ. ಹಿಂದೆ ಓದುವ ವಯಸ್ಸಿನಲ್ಲಿ ಮಾವನವರು ತೀರಿಕೊಂಡು, ಸಂಬಳದ ಕೆಲಸ ಹಿಡಿದು, ತಮ್ಮನನ್ನು ಓದಿಸಿ, ಅದು ಅಲ್ಲಿಗೇ ನಿಂತಿತ್ತು. ಈಗ ಐವತ್ತರ ಹತ್ತಿರ ಬಂದು ಅಲ್ಲಿಯ ದೊಡ್ಡ ಪ್ರೊಫೆಸರ್ ಸಾಹೇಬರೊಬ್ಬರನ್ನು ಕಂಡು, ಗಾಜಿನ ಮನೆಯ ಹೇನುಗಳಲ್ಲಿ ಎಷ್ಟು ಬಗೆ ಎಂಬುದನ್ನು ಅಭ್ಯಾಸ ಮಾಡುತ್ತೇನೆ ಎಂದರು. ಸಾಹೇಬರು ನಕ್ಕರಂತೆ. ತಂದೆಯಿಲ್ಲದ ಸಂತಾನ, ಮಗಳು ತಾಯಿಯ ಪಡಿಯಚ್ಚು. ಒಂದೇ ಅಚ್ಚಿನಲ್ಲಿ ಎರೆದ ಬೆಲ್ಲದಲ್ಲಿ ಎಂಥ ವ್ಯತ್ಯಾಸ ಹುಡುಕುತ್ತೀರಿ ಎಂದರಂತೆ. ಅಚ್ಚು ಒಂದೇ ಎಂದು ಯಾರು ಹೇಳಿದರು, ಎಂದು ಇವರು ತಿರುಗಿ ಕೇಳಿದರಂತೆ. ಈ ಮಾತು ನಾನು ಕೇಳಿದ್ದು, ಕಂಡದ್ದಲ್ಲ. ಆದರೆ ಅವರು ಹಾಗೆಯೇ ಕೇಳಿರುತ್ತಾರೆ.

ಅವರ ವಾದ ಇಷ್ಟು: ಒಬ್ಬ ತಾಯಿಯ ಮಕ್ಕಳೆಲ್ಲ ಒಂದೇ, ಒಪ್ಪಿದೆ. ಆದರೆ ಗಾಜಿನ ಮನೆಯೊಳಗೆ ಬಂದ ಮೊದಲ ತಾಯಿ ಒಬ್ಬಳೇ ಏನು? ಒಬ್ಬಳು ಸಸಿಯ ಜೊತೆ ಬಂದಳು, ಒಬ್ಬಳು ಗಾಳಿಯಲ್ಲಿ ಹಾರಿ ಬಂದಳು, ಒಬ್ಬಳು ಯಾರದೋ ಸೆರಗಿಗೆ ಅಂಟಿ ಬಂದಳು. ಅವರ ವಂಶಗಳು ಒಂದೇ ಎಲೆಯ ಮೇಲೆ ಕುಳಿತರೂ ಒಂದರೊಳಗೊಂದು ಬೆರೆಯುವುದಿಲ್ಲ, ಯಾಕೆಂದರೆ ಮದುವೆಯೇ ಇಲ್ಲ. ನೋಡಿದರೆ ಎಲ್ಲ ಒಂದೇ ಹಸಿರು. ಔಷಧ ಬಿದ್ದಾಗ ಒಂದು ವಂಶ ಸಾಯುತ್ತದೆ, ಪಕ್ಕದ ವಂಶ ಮುಖ ಒರೆಸಿಕೊಂಡು ಊಟಕ್ಕೆ ಕೂಡುತ್ತದೆ. ಇದನ್ನು ತೋರಿಸಬೇಕಾದರೆ ವಂಶಗಳನ್ನು ಬೇರೆ ಬೇರೆಯಾಗಿ ಕಾಪಾಡಬೇಕು. ಅದಕ್ಕೇ ಕಂದೀಲಿನ ಗಾಜು. ಸಾಹೇಬರು ಕೊನೆಗೆ, ಎರಡು ವರ್ಷ ಬಿಟ್ಟು ಶ್ರಾವಣದಲ್ಲಿ ಖಾನಾಪುರಕ್ಕೆ ನಾನೇ ಬಂದು ನೋಡುತ್ತೇನೆ, ನಂಬಿಕೆಯಾದರೆ ಸೇರಿಸಿಕೊಳ್ಳುತ್ತೇನೆ, ಇಲ್ಲವಾದರೆ ಮತ್ತೆ ಕೇಳಬೇಡಿ ಎಂದರು. ಅದರಾಚೆ ಇನ್ನೊಂದು ಅವಕಾಶವಿಲ್ಲವೆಂದು ನಾದಿನಿಯವರಿಗೆ ಗೊತ್ತಿತ್ತು. ನಮಗೂ ಗೊತ್ತಿತ್ತು.

ಗಾಜುಗಳಿಗೆ ಹೆಸರು ಬೇಕಲ್ಲ? ನಮ್ಮ ಕಡೆ ಮನೆಗೆ ಬಂದ ಸೊಸೆಯನ್ನು ಅವಳ ತವರೂರಿನಿಂದ ಕರೆಯುವುದುಂಟು. ಅತ್ತೆಯವರು ಈ ಮನೆಗೆ ಬಂದು ಅರ್ಧ ಶತಮಾನವಾದರೂ ಓಣಿಗೆ ‘ನಂದಗಡದಾಕಿ’. ನಾನು ‘ಕಾಕತಿಯಾಕಿ’. ನಾದಿನಿಯವರೂ ಹಾಗೆಯೇ, ಯಾವ ಮೂಲತಾಯಿ ಯಾವ ಊರಿನಿಂದ ಬಂದಳೋ ಆ ಊರಿನ ಹೆಸರನ್ನು ಚೀಟಿಯಲ್ಲಿ ಬರೆದು ಗಾಜಿಗೆ ಅಂಟಿಸಿದರು. ನಂದಗಡದ ಸಸಿಯ ಜೊತೆ ಬಂದದ್ದು ನಂದಗಡದಾಕಿ. ಬೆಳಗಾವಿಯ ಸದಾಶಿವನಗರದ ಒಂದು ಬಂಗಲೆಯ ಹೂದೋಟದಿಂದ ತಂದದ್ದು ಸದಾಶಿವನಗರದಾಕಿ. ಹೀಗೆ ಏಳೆಂಟು. ಅದರಲ್ಲಿ ಒಂದು ಕಾಕತಿಯಾಕಿ. ಅದು ನನ್ನ ಮದುವೆಯ ಜಡೆಯಿಂದ ಇಳಿದು ಬಂದ ವಂಶ! ಶೇವಂತಿಗೆಯಿಂದ ಮೆಣಸಿಗೆ ಹೊಂದಿಸಿ, ವರ್ಷಗಟ್ಟಲೆ ಕಾಪಾಡಿದ್ದರು. ನನ್ನ ಮದುವೆಯ ಸೀರೆ ಕೂಡ ಅಷ್ಟು ಜೋಪಾನವಾಗಿ ಉಳಿದಿರಲಿಲ್ಲ.

ಒಂದು ಭಾನುವಾರ ನಿಪ್ಪಾಣಿ ತಂಬಾಕಿನ ಕಷಾಯ ಕುದಿಸಿ, ಎಲೆಗಳನ್ನು ಅದ್ದಿ ಒಣಗಿಸಿ, ಒಂದೊಂದು ವಂಶವನ್ನು ಒಂದೊಂದು ಎಲೆಯ ಮೇಲೆ ಬಿಟ್ಟರು. ಬೆಳಿಗ್ಗೆ ಎಲ್ಲರೂ ಹೋಗಿ ನೋಡಿದೆವು. ಕಾಕತಿಯಾಕಿ ಸಹಪರಿವಾರ ಕಾಲು ಮೇಲೆ ಮಾಡಿದ್ದಳು. ನಂದಗಡದಾಕಿ ಇದ್ದಲ್ಲೇ ಇದ್ದಳು. ಅಷ್ಟೇ ಅಲ್ಲ, ಇರುಳು ಇಬ್ಬರು ಮಕ್ಕಳನ್ನು ಹಡೆದಿದ್ದಳು.

ಅತ್ತೆಯವರ ಮುಖ ನೋಡಬೇಕಿತ್ತು. “ನಂದಗಡದವ್ರು ಅಂದ್ರ ಹಂಗಽ” ಎಂದರು. ಆಮೇಲೆ ನನ್ನ ಬೆನ್ನು ಸವರಿ, “ಇರ್ಲಿ ಬಿಡವಾ, ನೀ ಮನಸಿಗೆ ಹಚ್ಕೋಬ್ಯಾಡ” ಎಂದರು.

ಅಂದಿನಿಂದ ಅವರಿಗೆ ಹೇನಿನ ಮೇಲೆ ಅಕ್ಕರೆ ಹುಟ್ಟಿತು. ಶನಿವಾರ ಮಗಳು ಬಂದರೆ, ನಂದಗಡದಾಕಿ ಹೇಗಿದ್ದಾಳೆ ಎಂದು ಮೊದಲು ಕೇಳುವರು. ಎಲೆ ಬಾಡಿದ ಕೂಡಲೇ ಸದಾಶಿವನಗರದಾಕಿಯ ಮಕ್ಕಳು ರೆಕ್ಕೆ ಮೂಡಿಸಿಕೊಂಡು ಗಾಜಿನ ತುದಿಗೆ ಹತ್ತಿ ಕುಳಿತವು ಎಂದು ಕೇಳಿ, ಬಂಗಲೆಯವರಿಗೆ ತಾಳ್ಮೆಯಿಲ್ಲ ಎಂದು ತೀರ್ಪು ಕೊಟ್ಟರು.

ತಮ್ಮನಿಗೆ ಬುದ್ಧಿ ಬಂದದ್ದು ಬೇರೆ ದಾರಿಯಿಂದ. ಅವರು ಒಂದು ಹಂಗಾಮು ಅಕ್ಕನ ಮಾತು ಬದಿಗಿಟ್ಟು, ಕಾಚಿನ ಮನೆಗೆ ಔಷಧದ ಮೇಲೆ ಔಷಧ ಹೊಡೆದರು. ಮೊದಲ ಸಲ ಹೇನು ಮಾಯ. ಇವರು ಮೀಸೆ ತಿರುವಿದರು. ಸ್ವಲ್ಪ ದಿನಕ್ಕೆ ಮತ್ತೆ ಬಂದವು. ಮತ್ತೆ ಹೊಡೆದರು, ಇನ್ನೂ ಗಟ್ಟಿಯಾದದ್ದು. ಕೊನೆಗೆ ಕಾಚಿನ ಮನೆ ತುಂಬ ಹೇನು, ಎಲೆಯೆಲ್ಲ ಮುದುಡಿ ಅಂಟು ಅಂಟು. ಕಾಯಿ ಒಂದೂ ಗೋವಾ ನೋಡಲಿಲ್ಲ. ಅಕ್ಕ ಬಂದು ಸಾಲು ಸಾಲಿನಲ್ಲಿ ಎಲೆ ಮಗುಚಿ ನೋಡಿದರು, ಒಂದಿಷ್ಟನ್ನು ಒಯ್ದು ತಂಬಾಕಿನ ಕಷಾಯದಲ್ಲಿ ಅದ್ದಿದ ಎಲೆಯ ಮೇಲೆ ಇಟ್ಟು ನೋಡಿದರು. ಎಲ್ಲವೂ ನಂದಗಡದಾಕಿಯ ಗುಣದವೇ.

“ನೀ ಕೊಂದಿಲ್ಲ ತಮ್ಮಾ, ಆರಿಸೀದಿ. ಉಳದವ್ರನ್ನೆಲ್ಲಾ ಕೊಂದು, ಇಕೀಗೆ ಮನಿ ಖಾಲಿ ಮಾಡಿಕೊಟ್ಟಿ.”

ನಮ್ಮವರು ಪಂಪನ್ನು ಕೆಳಗಿಟ್ಟರು. ಅತ್ತೆಯವರು ಮಗನ ನಷ್ಟಕ್ಕೆ ಮರುಗಿದರು, ಆದರೆ ತವರಿನ ಮಾತು ಬಂದಾಗ ಅವರ ಬಾಯಿಯ ಮೂಲೆಯಲ್ಲಿ ಸಣ್ಣ ನಗು ಇದ್ದುದನ್ನು ನಾನು ಕಂಡಿದ್ದೇನೆ. ಮುಂದಿನ ಹಂಗಾಮಿಗೆ ನಮ್ಮವರು ಕಿಟಕಿಗಳನ್ನು ತೆರೆದಿಟ್ಟರು, ಹೊರಗಿನಿಂದ ಗುಲಗಂಜಿ ಹುಳಗಳನ್ನು ಬೆಂಕಿಪೆಟ್ಟಿಗೆಯಲ್ಲಿ ಹಿಡಿದು ತಂದು ಒಳಗೆ ಬಿಟ್ಟರು, ಔಷಧವನ್ನು ಅಕ್ಕ ಹೇಳಿದ ಕಡೆ ಅಷ್ಟೇ ಹೊಡೆದರು. ಸಾಹೇಬರು ಯಾವಾಗ ಬರುತ್ತಾರೆ ಎಂದು ಈಗ ಅಕ್ಕನಿಗಿಂತ ಹೆಚ್ಚು ಅವರೇ ಕೇಳತೊಡಗಿದರು.

ಆ ಶ್ರಾವಣ ಬಂತು. ಸಾಹೇಬರು ಪಂಚಮಿ ಕಳೆದ ಸೋಮವಾರ ಬರುವುದೆಂದು ಗೊತ್ತಾಯಿತು. ನಾದಿನಿ ಕಾಲೇಜಿಗೆ ರಜೆ ಹಾಕಿ, ಗಾಜುಗಳನ್ನೆಲ್ಲ ಹುಲ್ಲಿನ ಬುಟ್ಟಿಗಳಲ್ಲಿಟ್ಟು, ರೈಲಿನಲ್ಲಿ ತೊಡೆಯ ಮೇಲೆ ಹೊತ್ತು ತಂದರು. ಪಡಸಾಲೆಯ ಕಿಟಕಿಯಲ್ಲಿ ಸಾಲಾಗಿ ಇಟ್ಟರು. ಪಕ್ಕದಲ್ಲಿ ಒಂದು ದೊಡ್ಡ ಕುಂಡದಲ್ಲಿ ಹುಳ ಮುಟ್ಟದ ಚೊಕ್ಕ ಮೆಣಸಿನ ಗಿಡ, ಸೊಳ್ಳೆಪರದೆ ಹೊದಿಸಿ; ಅದರ ಎಲೆ ಪರೀಕ್ಷೆಗೆ ಬೇಕಿತ್ತು. ಪಂಚಮಿಯ ದಿನ ಬೆಳಿಗ್ಗೆ ಅವರು ಸೂಕ್ಷ್ಮದರ್ಶಕ ತರಲು ಬೆಳಗಾವಿಗೆ ಹೋದರು, ಮಧ್ಯಾಹ್ನಕ್ಕೆ ಬರುತ್ತೇನೆ ಎಂದರು.

ಪಂಚಮಿ ಅಂದರೆ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ಎಲ್ಲಿಗೆ ಕೊಟ್ಟಿದ್ದರೂ ಅಣ್ಣನೋ ತಮ್ಮನೋ ಹೋಗಿ ಕರೆತರಬೇಕು, ಅಕ್ಕತಂಗಿಯರೆಲ್ಲ ತವರಲ್ಲಿ ಕೂಡಬೇಕು, ಉಂಡಿ ತಿನ್ನಬೇಕು, ಜೋಕಾಲಿ ಆಡಬೇಕು. ಆ ವರ್ಷ ನಮ್ಮ ತವರಿನಲ್ಲಿ ಸೂತಕವಿತ್ತು, ಹೀಗಾಗಿ ನಾನು ಹೋಗಿರಲಿಲ್ಲ. ಅತ್ತೆಯವರು ನಾಗಪ್ಪನಿಗೆ ಹಾಲೆರೆಯುವಾಗ ವಾಡಿಕೆಯಂತೆ ಒಬ್ಬೊಬ್ಬರ ಹೆಸರಿನಲ್ಲಿ ಹಾಲು ಬಿಟ್ಟರು: ಅವ್ವನ ಪಾಲು, ಅಪ್ಪನ ಪಾಲು, ಮಗನ ಪಾಲು, ಮಗಳ ಪಾಲು, ಸೊಸೆಯ ಪಾಲು. ಕೊನೆಗೆ ನಂದಗಡದಾಕಿ ಪಾಲು, ಸದಾಶಿವನಗರದಾಕಿ ಪಾಲು ಎಂದೂ ಬಿಟ್ಟರು. ನಾನು ಸೆರಗು ಬಾಯಿಗೆ ಹಚ್ಚಿ ನಕ್ಕು, ಉಂಡಿ ಕಟ್ಟಲು ಅಡುಗೆಮನೆಗೆ ಹೋದೆ.

ಉಂಡಿ ಮುಗಿಸಿ ಬಂದಾಗ ಪಡಸಾಲೆಯಲ್ಲಿ ಒಂದು ಮಿಂಚು ಕಂಡಿತು. ಕಿಟಕಿಯಲ್ಲಿ ಕಂದೀಲಿನ ಗಾಜುಗಳು, ಬೂದಿ ಹಚ್ಚಿ ಫಳಫಳ ತಿಕ್ಕಿ, ಬೋರಲು ಹಾಕಿ, ಸಾಲಾಗಿ ಒಣಗುತ್ತಿದ್ದವು. ಚೀಟಿ ಒಂದರ ಮೇಲೂ ಇರಲಿಲ್ಲ. ಸಸಿಗಳು ಬರಿದಾಗಿ ಮೂಲೆಯಲ್ಲಿದ್ದವು. ಅತ್ತೆಯವರು ದೊಡ್ಡ ಕುಂಡದ ಮುಂದೆ ಕುಳಿತು, ಮಗಳು ಮಾಡುತ್ತಿದ್ದುದನ್ನು ನೋಡಿ ಕಲಿತಂತೆ, ಮೆತ್ತನೆಯ ಕುಂಚದಿಂದ ಕಡೆಯ ಹೇನನ್ನು ಬಹಳ ಹಗುರವಾಗಿ ಗಿಡಕ್ಕೆ ಇಳಿಸುತ್ತಿದ್ದರು.

ನನ್ನ ಕೈಯಲ್ಲಿ ಉಂಡಿಯ ತಾಟು ಇತ್ತು. ಅದನ್ನು ನೆಲದ ಮೇಲೆ ಇಟ್ಟೆ. ಎಷ್ಟೋ ವರ್ಷ ಒಂದೊಂದಾಗಿ ಕಾಪಾಡಿದ್ದು, ಒಂದು ಹಬ್ಬದ ಬೆಳಿಗ್ಗೆಗೆ ಒಂದಾಗಿತ್ತು. ಸಾಹೇಬರು ಬರುವುದು ಸೋಮವಾರ.

ನಾದಿನಿ ಬಂದರು. ಹೆಗಲಿನ ಪೆಟ್ಟಿಗೆಯನ್ನು ಇಳಿಸಿದರು, ಕಿಟಕಿ ನೋಡಿದರು, ಗಿಡ ನೋಡಿದರು. ಹೊಸ್ತಿಲ ಮೇಲೆ ಹಾಗೆಯೇ ಕುಳಿತುಬಿಟ್ಟರು. ಕೊಡೆ ಮಡಚಿರಲಿಲ್ಲ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ನಮ್ಮವರು ಹಿತ್ತಲಿನಿಂದ ಬಂದು ನೋಡಿ, ಈಗಲೇ ನಂದಗಡಕ್ಕೆ ಹೋಗುತ್ತೇನೆ, ಬೇರೆ ಹುಡುಕಿ ತರುತ್ತೇನೆ ಎಂದು ಸೈಕಲ್ಲಿನ ಕೀಲಿಗೆ ಕೈ ಹಾಕಿದರು. ಅದಕ್ಕೆ ಅರ್ಥವಿಲ್ಲವೆಂದು ಅವರಿಗೂ ಗೊತ್ತಿತ್ತು.

ಏನೋ ತಪ್ಪಾಗಿದೆ ಎಂದು ಅತ್ತೆಯವರಿಗೆ ಆಗ ಹೊಳೆಯಿತು. ಕೈಯಲ್ಲಿ ಕುಂಚ ಹಾಗೇ ಇತ್ತು.

“ಪಂಚಮಿ ದಿನಾ ಒಬ್ಬೊಬ್ಬಾಕಿ ಒಂದೊಂದು ಕ್ವಾಣ್ಯಾಗ ಇದ್ಲು. ನೋಡಾಕ ಆಗಲಿಲ್ಲವಾ ನನಗ” ಎಂದರು.

ಆ ಮಾತು ಯಾರಿಗೆ ತಾಗಿತೆಂದು ಮನೆಯಲ್ಲಿ ಎಲ್ಲರಿಗೂ ತಿಳಿಯಿತು. ಹೊರಗೆ ಮಳೆ ಕಾಚಿನ ಮನೆಯ ಮೇಲೆ ಬೀಳುತ್ತಿತ್ತು.

ನಾದಿನಿ ಗಿಡವನ್ನೇ ನೋಡುತ್ತ ಒಂದೇ ಮಾತು ಕೇಳಿದರು. “ಎಲ್ಲಾರನ್ನೂ ಇದಽ ಗಿಡಕ್ಕ ಬಿಟ್ಟೇನವ್ವಾ? ಹೊರಗ ಯಾರೂ ಹೋಗಿಲ್ಲಲ್ಲ?”

“ಇಲ್ಲ. ನೆಲಕ್ಕ ಬೀಳಬಾರ್ದಂತ ಸೆರಗ ಹಾಸಿಕೊಂಡ ಕುಂತಿದ್ನಿ.”

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ. ಸಾಹೇಬರು ಸೋಮವಾರ ಬಂದರು. ಇವರು ನಡೆದದ್ದನ್ನು ಒಂದೂ ಮುಚ್ಚದೆ ಹೇಳಿದರು. ಚೀಟಿ ಹೋಗಿವೆ, ವಂಶ ಹೋಗಿಲ್ಲ. ಒಂದೇ ಗಿಡದಲ್ಲಿ ಕೂಡಿದರೂ ಯಾರೂ ಯಾರೊಳಗೂ ಬೆರೆಯುವುದಿಲ್ಲ. ನನ್ನ ಮಾತು ನಿಜವಾದರೆ ಇವರನ್ನು ಮತ್ತೆ ಬೇರೆ ಮಾಡಲು ಬರಬೇಕು ಎಂದರು. ಯಾರು ಯಾರೆಂದು ಈಗ ನಿಮಗೇ ಗೊತ್ತಿಲ್ಲವಲ್ಲ ಎಂದು ಸಾಹೇಬರು ಕೇಳಿ ಖಚಿತ ಮಾಡಿಕೊಂಡರು. ಗೊತ್ತಿಲ್ಲದೆ ಆರಿಸಿದರೆ ನಂಬುತ್ತೇನೆ ಎಂದು ದಸರೆಯ ತನಕ ಅವಧಿ ಕೊಟ್ಟು, ಎರಡು ಉಂಡಿ ತಿಂದು ಹೋದರು. ದಸರೆಯ ಮುಂದೆ ಮತ್ತೆ ಬಂದು, ಎಲೆಗಳನ್ನು ತಾವೇ ತಂಬಾಕಿನ ಕಷಾಯದಲ್ಲಿ ಅದ್ದಿ, ಒಂದೊಂದು ಗಾಜಿನ ತಾಯಿ ಮಕ್ಕಳನ್ನು ತಾವೇ ಅವುಗಳ ಮೇಲೆ ಇಟ್ಟು ನೋಡಿದರು. ತಾಯಿ ಸತ್ತ ಎಲೆಯ ಮೇಲೆ ಮಕ್ಕಳೂ ಸತ್ತವು, ತಾಯಿ ಉಳಿದ ಎಲೆಯ ಮೇಲೆ ಮಕ್ಕಳೂ ಉಳಿದವು. ಅಚ್ಚುಗಳು ಬೇರೆ ಬೇರೆಯೇ ಇದ್ದವು. ಅವರು ಹೂಂ ಎಂದರು. ನನ್ನ ನಾದಿನಿ ಐವತ್ತರ ಮೇಲೆ ವಿದ್ಯಾರ್ಥಿನಿಯಾದರು.

ಆದರೆ ಈಗ ಇಷ್ಟು ವರ್ಷದ ಮೇಲೆ ನೆನೆದರೆ ನನ್ನ ಕಣ್ಣ ಮುಂದೆ ಬರುವುದು ಸಾಹೇಬರ ಹೂಂ ಅಲ್ಲ. ಆ ಪಂಚಮಿಯ ಮಧ್ಯಾಹ್ನವೇ.

ನಾದಿನಿ ಹೊಸ್ತಿಲಿನಿಂದ ಎದ್ದು, ಮುಖ ತೊಳೆದು ಬಂದರು. ದೊಡ್ಡ ಕುಂಡದ ಮುಂದೆ ತಾಯಿಯ ಪಕ್ಕದಲ್ಲಿ ನೆಲಕ್ಕೆ ಕುಳಿತರು. ನಾನು ಹೊಸ ಸಸಿಗಳನ್ನು ತಂದು ಕೊಟ್ಟೆ. ಅವರು ತಾಯಿಯ ಕೈಯಿಂದ ಕುಂಚ ತೆಗೆದುಕೊಂಡು, ಒಂದು ಹೇನನ್ನು ಎತ್ತಿ ಒಂದು ಸಸಿಯ ಮೇಲೆ ಇಳಿಸಿ, ತೊಳೆದ ಗಾಜನ್ನು ಅದರ ಮೇಲೆ ಇಟ್ಟರು. ಅತ್ತೆಯವರು ಬಗ್ಗಿ ನೋಡಿದರು.

“ಇಕಿ ಯಾರು? ನಮ್ಮ ನಂದಗಡದಾಕಿ ಏನು?”

“ಈಗ ಹೇಳಾಕ ಬರೂದಿಲ್ಲವ್ವಾ. ಒಬ್ಬಾಕಿನ್ನಽ ಇರಾಕ ಬಿಡೂಣು. ಯಾರನ್ನೂದು ಆಕಿನಽ ತೋರಸ್ತಾಳ.”

ಅತ್ತೆಯವರು ಗಾಜನ್ನು ನೋಡಿದರು. ಆಮೇಲೆ ಮಗಳ ಕಡೆ ತಿರುಗಿ, ಅವರ ನೆರೆತ ಕೂದಲನ್ನು, ಗಂಡಸರ ಗಡಿಯಾರವನ್ನು, ಹೊಸದಾಗಿ ಕಂಡವರಂತೆ ನೋಡಿದರು.

“ಒಬ್ಬಾಕಿನಽ ಇದ್ರ ನಡೀತೈತೇನವಾ ಆಕೀಗೆ?”

ನಾದಿನಿ ತಲೆ ಎತ್ತಲಿಲ್ಲ. ಇನ್ನೊಂದು ಹೇನಿನತ್ತ ಕುಂಚ ಚಾಚಿದರು.

“ನಡೀತೈತವ್ವಾ. ಛಲೋ ನಡೀತೈತಿ.”

ಅತ್ತೆಯವರು ಪಕ್ಕದಲ್ಲಿದ್ದ ತೆಳು ಬಟ್ಟೆಯ ತುಂಡನ್ನು ಎತ್ತಿಕೊಂಡು ಗಾಜಿನ ಬಾಯಿಗೆ ತಾವೇ ಹೊದಿಸಿದರು. ದಾರ ಸುತ್ತಿ ಗಂಟು ಹಾಕಿದರು. ಆ ಗಾಜನ್ನು ಎರಡೂ ಕೈಯಿಂದ ಹಿಡಿದು ಎದ್ದು ಹೋಗಿ, ಕಿಟಕಿಯಲ್ಲಿ ಬೆಳಕು ಚೆನ್ನಾಗಿ ಬೀಳುವ ಜಾಗವನ್ನು ಹುಡುಕಿ ಇಟ್ಟರು.